ಎಡಗೈಯಲ್ಲಿ ಯೋಯೋ

ಬಸ್ಸು ತಪ್ಪಿಸಿಕೊಳ್ಳುವುದು ನನಗೆ ಹೊಸದೇನಲ್ಲ. ಆದರೆ ಬೈಲಹೊಂಗಲದ ಬಸ್ಸು ಕಣ್ಣೆದುರಿಗೇ ನಿಂತು, ಕಂಡಕ್ಟರು ಬಾಗಿಲಲ್ಲಿ ನನ್ನ ಮುಖವನ್ನೇ ನೋಡುತ್ತ ಕೂಗಿ, ಒಳಗೆ ಸೀಟೂ ಖಾಲಿ ಇದ್ದು, ನಾನಾಗಿಯೇ ಹತ್ತದೆ ಬಿಟ್ಟದ್ದು ಅದೊಂದೇ ಸಲ. ಶಿಕ್ಷಕರ ತರಬೇತಿಗೆಂದು ಸವದತ್ತಿಗೆ ಹೋಗಿದ್ದೆ. ಇಡೀ ದಿನ ಯಾರೋ ಬರೆದದ್ದನ್ನು ಇನ್ಯಾರೋ ಓದುವುದನ್ನು ಕೇಳಿ ತಲೆ ಜಡವಾಗಿತ್ತು. ಬಸ್ ಸ್ಟ್ಯಾಂಡಿನ ಹೊರಗೆ, ಬಾಳೆಹಣ್ಣಿನ ಗಾಡಿಗಳ ಪಕ್ಕ, ಒಬ್ಬಾತ ಗೋಣಿತಟ್ಟು ಹಾಸಿಕೊಂಡು ಕಟ್ಟಿಗೆಯ ಯೋಯೋ ಮಾರುತ್ತಿದ್ದ. ಎಲ್ಲವೂ ಕೈಯಲ್ಲಿ ಮಾಡಿದವು. ಒಂದರ ಹೊಟ್ಟೆ ಸ್ವಲ್ಪ ಉಬ್ಬಿದ್ದರೆ ಇನ್ನೊಂದರದು ಚಪ್ಪಟೆ. ಒಂದಕ್ಕೆ ಬಳೆಯಂತೆ ಹಳದಿ ಗೆರೆ ಬರೆದಿದ್ದರೆ ಇನ್ನೊಂದಕ್ಕೆ ಹಸಿರು.

ಆತ ಗಿರಾಕಿಗಳನ್ನು ಕರೆಯುತ್ತಿರಲಿಲ್ಲ. ಕೈಯನ್ನು ಭುಜದ ತನಕ ಎತ್ತಿ, ಮಣಿಕಟ್ಟು ಮಡಚಿ ಯೋಯೋವನ್ನು ಕೆಳಗೆ ಬಿಡುತ್ತಿದ್ದ, ಅಷ್ಟೆ. ಅದು ದಾರ ಬಿಚ್ಚಿಕೊಳ್ಳುತ್ತ ಇಳಿದು, ನೆಲಕ್ಕೆ ಒಂದು ಗೇಣು ಇರುವಾಗ ನಿಲ್ಲುತ್ತಿತ್ತು. ನಿಲ್ಲುತ್ತಿತ್ತು ಅಂದರೆ ತಿರುಗುವುದು ನಿಲ್ಲುತ್ತಿರಲಿಲ್ಲ. ಇದ್ದಲ್ಲೇ ಗರಗರ ತಿರುಗುತ್ತಿತ್ತು. ಹಳದಿ ಬಳೆ ಮಸುಕಾಗಿ, ಯೋಯೋ ಅಲುಗಾಡುವುದೇ ಇಲ್ಲವೇನೋ ಅನ್ನಿಸುತ್ತಿತ್ತು. ಬಾಳೆಹಣ್ಣು ಕೊಳ್ಳಲು ಬಂದವರು ಕೂಡ ಮಾತು ನಿಲ್ಲಿಸಿ ನೋಡುತ್ತಿದ್ದರು.

“ನಿದ್ದಿ ಹತ್ತೈತಿ ನೋಡ್ರಿ ಅದಕ್ಕ,” ಎಂದ ಆತ, ಮೆಲ್ಲಗೆ. ಆಮೇಲೆ ಬೆರಳನ್ನು ತುಸು ಮೇಲಕ್ಕೆ ಎಳೆದ. ಯೋಯೋ ದಾರ ಸುತ್ತಿಕೊಳ್ಳುತ್ತ ಏರಿ ಬಂದು ಅಂಗೈಗೆ ತಟ್ಟಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕೆದಕುವುದು ನನ್ನ ಹುಟ್ಟುಗುಣ, ಸಂಬಳ ಬರುವುದೂ ಅದಕ್ಕೇ. ದಾರದ ತುದಿ ಮುಟ್ಟಿದ ಕೂಡಲೇ ಅದು ವಾಪಸು ಏರಬೇಕಿತ್ತಲ್ಲ, ಏಕೆ ಏರಲಿಲ್ಲ? ಏರದೆ ನಿಂತದ್ದು, ಇಷ್ಟೇ ಇಷ್ಟು ಎಳೆದದ್ದಕ್ಕೆ ಏಕೆ ಏರಿತು? ಕೇಳಿಯೇ ಬಿಟ್ಟೆ. ಅಷ್ಟರಲ್ಲಿ ಬಸ್ಸು ಹೋಯಿತು.

“ಅಕ್ಕಾರ, ಅದು ನಿದ್ದಿ ಮಾಡೂ ತನಕ ಮಾಡಾಕ ಬಿಡಬೇಕ್ರಿ. ಆಮ್ಯಾಲ ಎಬ್ಬಸಬೇಕು,” ಎಂದು ಆತ ನಕ್ಕ.

ಇದು ಉತ್ತರವೇ ಅಲ್ಲ ಎಂದು ನನಗೆ ಸಿಟ್ಟು ಬಂತು. ಹಳದಿ ಬಳೆಯದನ್ನೇ ಕೊಂಡುಕೊಂಡೆ. ಮುಂದಿನ ಬಸ್ಸಿನಲ್ಲಿ ಮುನವಳ್ಳಿ ದಾಟುವ ತನಕವೂ ಅದನ್ನು ಮಡಿಲಲ್ಲಿಟ್ಟುಕೊಂಡು ತಿರುವಿ ತಿರುವಿ ನೋಡುತ್ತಲೇ ಇದ್ದೆ. ಎರಡು ಗುಂಡನೆಯ ಹೋಳು, ನಡುವೆ ಒಂದು ಸಣ್ಣ ಕಟ್ಟಿಗೆಯ ಅಚ್ಚು, ಅದಕ್ಕೊಂದು ದಾರ. ಇಷ್ಟರಲ್ಲಿ ನಿದ್ದೆ ಎಲ್ಲಿ ಅಡಗಿದೆ ಅನ್ನುವುದು ತಿಳಿಯಲಿಲ್ಲ.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಅವ್ವ ತೀರಿಕೊಂಡ ಮೇಲೆ ಅಪ್ಪ ಬೈಲಹೊಂಗಲದಲ್ಲಿ ನಮ್ಮ ಜೊತೆಗೇ ಇದ್ದಾನೆ. ಕಟಕೋಳದ ಹೊಲವನ್ನು ಅಣ್ಣ ನೋಡಿಕೊಳ್ಳುತ್ತಾನೆ; ಸುಗ್ಗಿಗೆ ಅಪ್ಪ ಹೋಗಿ ಒಂದು ತಿಂಗಳು ಎಲ್ಲರಿಗೂ ತಪ್ಪು ತೋರಿಸಿ ಬರುತ್ತಾನೆ. ಎಂಬತ್ತರ ಹತ್ತಿರ ವಯಸ್ಸು, ಕಣ್ಣು ಕಿವಿ ಚುರುಕು. ಕೆಟ್ಟದ್ದು ಎಡಗೈ ಒಂದೇ. ಎರಡು ವರ್ಷದ ಹಿಂದೆ ಹೆಬ್ಬೆರಳು ತೋರುಬೆರಳು ತಮ್ಮಷ್ಟಕ್ಕೆ ತಾವೇ ಬತ್ತಿ ಹೊಸೆಯುವಂತೆ ಅಲುಗಾಡತೊಡಗಿದವು. ಆಮೇಲೆ ಇಡೀ ಅಂಗೈ ನಡುಗತೊಡಗಿತು. ಗುಳಿಗೆಯಿಂದ ಒಂದಿಷ್ಟು ಕಡಿಮೆಯಾಯಿತು, ಹೋಗಲಿಲ್ಲ.

ಬಲಗೈ ನಡುಗಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದನೇನೋ. ನಡುಗಿದ್ದು ಎಡಗೈ, ಲಿಂಗ ಹಿಡಿಯುವ ಕೈ. ಏಳನೇ ವಯಸ್ಸಿನಿಂದ ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು, ಕಣ್ಣು ಕದಲಿಸದೆ ನೋಡುತ್ತ ಕೂತವನು. ಮಳೆ, ಬಿತ್ತನೆ, ಮದುವೆ, ಸಾವು ಯಾವುದಕ್ಕೂ ಅದು ತಪ್ಪಿರಲಿಲ್ಲ. ಒಂದು ಸೋಮವಾರ ನಾನು ರೊಟ್ಟಿ ಬಡಿಯುತ್ತಿದ್ದಾಗ ದೇವರ ಕೋಣೆಯಲ್ಲಿ ಏನೋ ಸಣ್ಣದೊಂದು ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅಪ್ಪ ಮೊಣಕಾಲೂರಿ, ಎರಡೂ ಅಂಗೈಯಿಂದ ನೆಲ ಸವರುತ್ತಿದ್ದ. ಲಿಂಗ ಕೈಯಿಂದ ಜಾರಿ ಕಪಾಟಿನ ಅಡಿಗೆ ಉರುಳಿತ್ತು. ನಾನು ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ, ತೆಗೆದುಕೊಡು ಎಂದೂ ಕೇಳಲಿಲ್ಲ. ತಾನೇ ತೆಗೆದು, ತೊಳೆದು, ಕರಡಿಗೆಯಲ್ಲಿಟ್ಟು ಮುಚ್ಚಿದ.

ಆ ದಿನದಿಂದ ಕರಡಿಗೆ ತೆರೆಯಲಿಲ್ಲ. ಬೆಳಿಗ್ಗೆ ಅದರ ಮೇಲೆ ಕೈಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿ ‘ಮುಗೀತು’ ಎಂದು ಎದ್ದುಬಿಡುತ್ತಿದ್ದ. ಮಠದ ಸ್ವಾಮಿಗಳು ಇದರಲ್ಲಿ ದೋಷವೇನಿಲ್ಲ ಎಂದು ಸಮಾಧಾನ ಹೇಳಿದರು. ಎಲ್ಲದಕ್ಕೂ ಉಪಾಯ ಹೇಳುವ ನಾನು, ತಾಟಿನಲ್ಲಿಟ್ಟು ಪೂಜೆ ಮಾಡು ಎಂದೆ.

“ಅಂಗೈಯಾಗ ನಿಂದರಬೇಕು ಯವ್ವಾ ಅದು,” ಎಂದ ಅಪ್ಪ. “ತಾಟಿನ್ಯಾಗ ಇಡಾಕ ಅದೇನು ಊಟದ ಪದಾರ್ಥ ಏನು?”

ಅಲ್ಲಿಗೆ ಮಾತು ಮುಗಿಯಿತು. ಆದರೆ ಅವನ ಊಟ ಅರ್ಧಕ್ಕಿಳಿದದ್ದು, ಮಧ್ಯಾಹ್ನ ಕಟ್ಟೆಯ ಮೇಲೆ ಹೋಗಿ ಬರುವವರ ಜೊತೆ ಹರಟುವುದು ನಿಂತದ್ದು ನನಗೆ ಕಾಣುತ್ತಿತ್ತು. ಯಾರಾದರೂ ಬಂದರೆ ಎಡಗೈಯನ್ನು ಧೋತರದ ಮಡಿಕೆಯಲ್ಲಿ ಅಡಗಿಸಿಕೊಳ್ಳುತ್ತಿದ್ದ. ನನಗೆ ಅದನ್ನು ನೋಡುವುದು ಬಹಳ ಕಷ್ಟವಾಗುತ್ತಿತ್ತು.

ಇಂಥ ಮನೆಗೆ ಯೋಯೋ ಬಂತು. ಎರಡು ದಿನ ನಾನು ಅಂಗಳದಲ್ಲಿ ಅದನ್ನು ಎಸೆದದ್ದೇ ಎಸೆದದ್ದು. ಒಮ್ಮೆ ಗೋಡೆಗೆ, ಒಮ್ಮೆ ನನ್ನದೇ ಮೊಣಕಾಲಿಗೆ. ನಮ್ಮ ಮನೆಯವರು ಪೇಪರಿನಿಂದ ಮುಖ ಎತ್ತದೆ, “ಹೈಸ್ಕೂಲ ಅಕ್ಕೋರು ಇನ್ನ ಗೋಲಿ ಆಡೂದೊಂದು ಉಳೀತು,” ಎಂದರು. ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ ಅಪ್ಪ ನನ್ನ ಪರದಾಟವನ್ನು ಬಹಳ ಹೊತ್ತು ನೋಡಿದ.

“ತಾ ಇಲ್ಲಿ,” ಎಂದ ಕೊನೆಗೆ. “ಬಗರಿ ಬಿಡೂ ಕೈ ಇರಬೇಕು ಇದಕ್ಕ. ನೀ ರೊಟ್ಟಿ ಒಗದಂಗ ಒಗ್ಯಾಕ ಹತ್ತೀದಿ.”

ಬಲಗೈಯಲ್ಲಿ ಚಹಾದ ವಾಟಗ ಇತ್ತು. ಹಾಗಾಗಿ ಎಡಗೈ ಚಾಚಿದ. ಅದು ನಡುಗುತ್ತಲೇ ಬಂತು. ಬೆರಳಿಗೆ ದಾರದ ಉಂಗುರ ಸಿಗಿಸಿದೆ. ಮೊದಲ ಸಲ ಯೋಯೋ ಕೆಳಗಿಳಿದು ಸುಮ್ಮನೆ ಜೋತುಬಿತ್ತು. ಎರಡನೆಯದೂ ಅಷ್ಟೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಅಪ್ಪ ಎಸೆದದ್ದು ನೇರ ಇಳಿದು ತುದಿಯಲ್ಲಿ ನಿಂತು ಗರಗರ ತಿರುಗಿತು. ನಾನು ಯೋಯೋವನ್ನೇ ನೋಡುತ್ತ ಎಣಿಸತೊಡಗಿದೆ. ಐದಕ್ಕೆ ಬಂದಾಗ ಕಣ್ಣು ಏಕೋ ಮೇಲೆ ಹೋಯಿತು. ಅಪ್ಪನ ಎಡಗೈ ಅಲುಗಾಡುತ್ತಿರಲಿಲ್ಲ.

ಏಳು ಎಣಿಕೆಗೆ ಅಪ್ಪ ಎಳೆದ. ಯೋಯೋ ಅಂಗೈಗೆ ಬಂತು. ಅದರ ಬೆನ್ನಿಗೇ ನಡುಕವೂ ಬಂತು. ಅಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ಮುಂದಿನ ವಾರ ತೋರಿಸಲು ಹೋದಾಗ ಡಾಕ್ಟರಿಗೆ ಹೇಳಿದೆ. ಈ ನಡುಕ ಕೈ ಸುಮ್ಮನಿದ್ದಾಗಲೇ ಹೆಚ್ಚು, ಏನಾದರೂ ಕೆಲಸಕ್ಕೆ ಹಚ್ಚಿದಾಗ ಕೆಲ ಹೊತ್ತು ಸುಮ್ಮನಾಗುವುದುಂಟು, ಆಟದಿಂದ ಗುಣವಾಗುತ್ತದೆ ಎಂದು ಆಸೆ ಇಟ್ಟುಕೊಳ್ಳಬೇಡಿ ಎಂದರು. ನಾನು ಮೊದಲೆರಡು ಮಾತನ್ನು ಕೇಳಿಸಿಕೊಂಡೆ, ಮೂರನೆಯದನ್ನು ಬಿಟ್ಟೆ. ನನ್ನ ತಲೆಯಲ್ಲಿ ಆಗಲೇ ಲೆಕ್ಕ ಶುರುವಾಗಿತ್ತು. ಯೋಯೋ ನಿದ್ದೆಯಲ್ಲಿ ಇರುವಷ್ಟು ಹೊತ್ತು ಕೈ ನಿಲ್ಲುತ್ತದೆ. ನಿದ್ದೆ ಉದ್ದವಾದರೆ ಕೈ ನಿಲ್ಲುವುದೂ ಉದ್ದವಾಗಬೇಕು. ಹಾಗೆ ರೂಢಿಯಾದರೆ ಅಂಗೈ ಮತ್ತೆ ಲಿಂಗ ಹಿಡಿಯಬಹುದು.

“ಇಪ್ಪತ್ತು ಎಣಸೂ ತನಕ ಕೈ ನಿಂತ್ರ ಪೂಜಿಗೆ ಕುಂದರಬಹುದಲ್ಲ ಯಪ್ಪಾ?” ಎಂದು ಕೇಳಿದೆ.

ಮರುದಿನ ಅಪ್ಪ ನನಗಿಂತ ಮೊದಲೇ ಎದ್ದು, ಯೋಯೋ ಎಲ್ಲಿಟ್ಟಿದ್ದೀ ಎಂದು ಅಡುಗೆಮನೆಯ ಬಾಗಿಲಿಗೆ ಬಂದ. ಆಗ ಅವನೂ ಅದನ್ನೇ ಎಣಿಸುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು.

ಅದೇ ವಾರ ಯೋಯೋ ಕೆಟ್ಟಿತು. ನನ್ನ ಕೈಯಿಂದ ಜಾರಿ ಮೆಟ್ಟಿಲ ಕಲ್ಲಿಗೆ ಬಿದ್ದು ಅಂಚಿನಲ್ಲಿ ಒಂದು ಚೂರು ಹಾರಿತು. ಮರುದಿನ ಸಂಜೆ ಸಾಲೆಯಿಂದ ಬಂದು ನೋಡಿದರೆ ಅದು ನಿದ್ದೆ ಹೋಗುವುದನ್ನೇ ಬಿಟ್ಟಿತ್ತು. ಎಸೆದರೆ ಇಳಿಯುತ್ತಿತ್ತು, ತುದಿ ಮುಟ್ಟಿದ ಕೂಡಲೇ ತಿರುಗಿ ಏರುತ್ತಿತ್ತು. ಹೋದಷ್ಟೇ ವೇಗದಲ್ಲಿ ವಾಪಸು. ಅಪ್ಪನ ಕೈಗೆ ಒಂದು ಕ್ಷಣವೂ ಬಿಡುವಿಲ್ಲ. ನಡುವೆ ಅಪ್ಪ ದಾರ ಬದಲಿಸಿದ್ದ. ಸವದತ್ತಿಯ ದಾರ ಜಳ್ಳಾಗಿದೆ, ಇಂದೋ ನಾಳೆಯೋ ಹರಿಯುತ್ತದೆ ಎಂದು ಹತ್ತಿ ನೂಲನ್ನು ಎರಡೆಳೆ ಮಾಡಿ, ತೊಡೆಯ ಮೇಲೆ ಹೊಸೆದು, ಎಂಥ ಹುರಿ ಹಾಕಿದ್ದನೆಂದರೆ ಅದರಿಂದ ಕರು ಕಟ್ಟಬಹುದಿತ್ತು. ನಾನೇ ಅದನ್ನು ಹೊಗಳಿದೆ. ತಪ್ಪೆಲ್ಲ ಆ ಒಡೆದ ಅಂಚಿನದು ಎಂದು ತೀರ್ಮಾನಿಸಿದೆ.

ಸವದತ್ತಿಗೆ ಹೋಗಿ ಮಾರುವವನನ್ನು ಹುಡುಕಿದೆ. “ಅಂವ ಒಂದೂರಾಗ ನಿಂದರೂ ಮನಶಾ ಅಲ್ರಿ,” ಎಂದ ಬಾಳೆಹಣ್ಣಿನವನು. ಹಾಗಾದರೆ ನಾವೇ ಮಾಡಿಸೋಣ ಎಂದು ಕಿತ್ತೂರಿಗೆ ಹೋದೆ. ಅಲ್ಲಿ ತೊಟ್ಟಿಲ ಕಾಲು, ಲಟ್ಟಣಿಗೆ, ಕಡಗೋಲು ಕಡೆದುಕೊಡುವ ವಯಸ್ಸಾದ ಬಡಿಗೇರರೊಬ್ಬರಿದ್ದಾರೆ. ಯೋಯೋವನ್ನು ಕೈಗೆ ಕೊಟ್ಟೆ. ಅವರು ಅದನ್ನು ಕನ್ನಡಕದ ಹತ್ತಿರ ಹಿಡಿದು, ಕಿವಿಯ ಹತ್ತಿರ ಹಿಡಿದು, ಕೊನೆಗೆ ಮೂಸಿ ನೋಡಿದರು.

“ಒಂದ ತುಂಡಿನ ಎರಡು ಹೋಳು ಆಗಬೇಕ್ರಿ ಇದು,” ಎಂದರು. “ಬ್ಯಾರೆ ಬ್ಯಾರೆ ತುಂಡು ತಗೊಂಡ್ರ ತೂಕ ಕೂಡೂದಿಲ್ಲ. ಕೂಡಲಿಲ್ಲಂದ್ರ ಓಲಾಡತೈತಿ.”

ಅವರು ಕಡೆಯುವುದನ್ನು ನೋಡುತ್ತ ಅರ್ಧ ದಿನ ಕೂತೆ. ಜಾಲಿಯ ತುಂಡೊಂದು ಯಂತ್ರದಲ್ಲಿ ತಿರುಗುತ್ತ ತಿರುಗುತ್ತ ಮೈ ಸಡಿಲಿಸಿ, ಉದ್ದುದ್ದ ಸಿಪ್ಪೆ ಬಿಟ್ಟು, ಒಳಗಿನ ಕೆಂಪು ತೋರಿಸಿತು. ಅವರು ಅಳತೆಗೋಲು ಮುಟ್ಟಲಿಲ್ಲ. ಬೆರಳಿನಿಂದ ಸವರಿ ಇಲ್ಲಿ ಇನ್ನೊಂದು ಕೂದಲೆಳೆ ಹೋಗಬೇಕು ಎನ್ನುತ್ತಿದ್ದರು. ಎರಡೂ ಹೋಳನ್ನು ಮರುದಿನ ನಮ್ಮ ಸಾಲೆಯ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿದೆ. ಮುಳ್ಳು ನಡುವೆ ಬಂದು ನಿಂತಿತು. ಬಹಳ ಖುಷಿಯಾಯಿತು.

ಅಪ್ಪ ಅದಕ್ಕೂ ದಾರ ಹೊಸೆದು ಕಟ್ಟಿದ. ನಿದ್ದೆ ಬರಲಿಲ್ಲ.

ಜಾಲಿ ಭಾರವಾಯಿತೇನೋ ಎಂದು ಬೇವಿನದು ಮಾಡಿಸಿದೆ. ಅದು ಹಗುರಾಗಿ, ಕೋಳಿಮರಿಯ ಹಾಗೆ ಪುಟಪುಟ ಹಾರಿ ಅಂಗೈಗೆ ಬರುತ್ತಿತ್ತು. ತೇಗದ್ದು ಮಾಡಿಸಿದೆ. ಅದರದು ದೊಡ್ಡ ಗಾಂಭೀರ್ಯ, ಇಳಿದು ಏರಿ ಬರುವುದರಲ್ಲಿ ಯಾವ ಅವಸರವೂ ಇಲ್ಲ. ಆದರೆ ತುದಿಯಲ್ಲಿ ಅದೂ ನಿಲ್ಲಲೊಲ್ಲದು. ದಾರ ದಪ್ಪವಾಯಿತೇನೋ ಎಂದು ರಾಮದುರ್ಗಕ್ಕೆ ಹೋಗಿ, ಮಗ್ಗದ ಮನೆಯೊಂದರಿಂದ ಸೀರೆಗೆ ಬಳಸುವ ಸಣ್ಣ ನೂಲು ತಂದೆ. ಅಪ್ಪ ಅದನ್ನೂ ಹೊಸೆದ. ಹೊಸೆಯುವಾಗ ಅವನ ಎರಡೂ ಕೈ ಚೆನ್ನಾಗಿಯೇ ಇರುತ್ತಿದ್ದವು. ಮುಗಿಸಿ ತೊಡೆಯ ಮೇಲೆ ಇಟ್ಟ ಕೂಡಲೇ ಎಡಗೈ ತನ್ನ ಕೆಲಸ ಶುರು ಮಾಡುತ್ತಿತ್ತು. ಅಚ್ಚಿಗೆ ಮೇಣ ಹಚ್ಚಿದೆವು, ಒರೆಸಿದೆವು, ಕೊಬ್ಬರಿ ಎಣ್ಣೆ ಬಿಟ್ಟೆವು, ಅದನ್ನೂ ಒರೆಸಿದೆವು. ಎರಡೂವರೆ ತಿಂಗಳಲ್ಲಿ ನಮ್ಮ ಮನೆಯ ಕಿಟಕಿಯಲ್ಲಿ ಆರು ಯೋಯೋ ಸಾಲಾಗಿ ಕೂತವು, ಒಂದಕ್ಕೂ ನಿದ್ದೆ ಇಲ್ಲ.

ಅಪ್ಪ ಮಾತ್ರ ಎಸೆಯುವುದು ಬಿಡಲಿಲ್ಲ. ಬೆಳಿಗ್ಗೆ ಅಂಗಳದಲ್ಲಿ, ಸಂಜೆ ಕಟ್ಟೆಯ ಮೇಲೆ. ತಪ್ಪಿ ನೆಲಕ್ಕೆ ಬೀಳುತ್ತಿತ್ತು, ದಾರ ತೊಡಕಾಗುತ್ತಿತ್ತು, ಒಮ್ಮೆ ಅವನ ಕನ್ನಡಕಕ್ಕೇ ಬಡಿಯಿತು. ಹಾದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಎದುರು ಮನೆಯ ಅಜ್ಜ ಬಂದು ತಾನೂ ಎಸೆದು, ತನ್ನದೇ ಹಲ್ಲಿಗೆ ಬಡಿಸಿಕೊಂಡು ಹೋದ. ಅಪ್ಪ ನಕ್ಕ. ಆ ನಗುವನ್ನು ನಾನು ಗಮನಿಸಬೇಕಿತ್ತು. ನನ್ನ ಗಮನವೆಲ್ಲ ಎಣಿಕೆಯ ಮೇಲೆ.

ಒಂದು ರವಿವಾರ ನನ್ನ ತಾಳ್ಮೆ ಹರಿಯಿತು. ಬಡಿಗೇರರು ಬಹಳ ಮುತುವರ್ಜಿಯಿಂದ ಮಾಡಿಕೊಟ್ಟ ಏಳನೆಯದೂ ತುದಿ ಮುಟ್ಟಿ ನೆಟ್ಟಗೆ ವಾಪಸು ಬಂತು. “ಎಲ್ಲಾ ಸರಿ ಐತಿ ಯಪ್ಪಾ,” ಎಂದೆ, “ಸರಿ ಇಲ್ಲದ್ದು ನಿನ್ನ ಕೈನ.”

ಅಪ್ಪ ಬೆರಳಿನಿಂದ ದಾರದ ಉಂಗುರ ತೆಗೆದು, ಯೋಯೋವನ್ನು ಕಿಟಕಿಯಲ್ಲಿಟ್ಟು ಒಳಗೆ ಹೋದ. ಕೈ ಮತ್ತೆ ಧೋತರದ ಮಡಿಕೆಗೆ ಸೇರಿತು. ಮೂರು ತಿಂಗಳ ಮೇಲೆ ಅದು ಅಲ್ಲಿಗೆ ಹೋದದ್ದು ಅಂದೇ. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ಕೈ ಸರಿ ಇಲ್ಲ ಎಂದು ಮಗಳಿಂದ ಕೇಳುವುದಕ್ಕಾಗಿ ಆ ಮುದುಕ ಅಷ್ಟು ದಿನ ದಾರ ಹೊಸೆದನೇ ಅನ್ನಿಸಿತು.

ಅಪ್ಪ ಮಧ್ಯಾಹ್ನ ಮಲಗಿದ ಮೇಲೆ ಸಮಾಧಾನಕ್ಕೆ ಏನಾದರೂ ಮಾಡಬೇಕೆನಿಸಿತು. ಅವನ ಖಾಕಿ ಚೀಲದ ಹಿಡಿಕೆ ಕಿತ್ತುಹೋಗಿತ್ತು, ಹೊಲಿಯಲು ತೆಗೆದುಕೊಂಡೆ. ಒಳಗೆ ಎಂದಿನಂತೆ ಹಗ್ಗದ ತುಂಡು, ಸುತಳಿ, ದಾರದ ಉಂಡೆ. ನಮ್ಮ ಕಡೆ ಹೊಲಮನೆ ಮಾಡಿದವರು ಗೇಣುದ್ದದ ಹುರಿಯನ್ನೂ ಚೆಲ್ಲುವುದಿಲ್ಲ. ಯಾವ ದನಕ್ಕೆ ಯಾವಾಗ ಬೇಕಾದೀತೋ. ಉಂಡೆಯ ಮೇಲೆಯೇ ಸವದತ್ತಿಯ ದಾರವಿತ್ತು. ಹರಿದಿರಲಿಲ್ಲ. ಜಳ್ಳೆಂದು ಅಪ್ಪ ಬಿಚ್ಚಿ ಸುತ್ತಿಟ್ಟಿದ್ದ. ಒಂದು ತುದಿಯಲ್ಲಿ ಬೆರಳಿಗೆ ಹಾಕುವ ಉಂಗುರವಿತ್ತು. ಇನ್ನೊಂದು ತುದಿಯಲ್ಲಿ ಗಂಟು ಹುಡುಕಿದೆ. ಗಂಟೇ ಇರಲಿಲ್ಲ.

ದಾರವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂದೇ ಉದ್ದ ನೂಲನ್ನು ನಡುವೆ ಮಡಚಿ, ಅದರ ಮೇಲೆಯೇ ಅದನ್ನು ಹೊಸೆದಿದ್ದರು. ಮಡಚಿದಲ್ಲಿ ತಾನಾಗಿಯೇ ಒಂದು ಕುಣಿಕೆ ಉಳಿದಿತ್ತು. ಹುರಿ ತುಸು ಬಿಚ್ಚಿ ಆ ಕುಣಿಕೆಯನ್ನು ಅಗಲ ಮಾಡಿ, ಯೋಯೋದ ಒಂದು ಹೋಳಿನ ಮೇಲಿಂದ ಇಳಿಸಿ ಅಚ್ಚಿಗೆ ತೊಡಿಸಿದರೆ ಆಯಿತು. ಕಟ್ಟುವುದೇ ಇಲ್ಲ. ಕುಣಿಕೆ ಸಡಿಲವಾಗಿರುವುದರಿಂದ, ದಾರ ಮುಗಿದ ಮೇಲೂ ಅಚ್ಚು ಅದರೊಳಗೆ ಜಾರುತ್ತ ತಿರುಗುತ್ತಿರಬಹುದು. ಮೇಲಕ್ಕೆ ಎಳೆದಾಗ ದಾರ ಒಂದು ಕ್ಷಣ ಸಡಿಲಾಗಿ ಅಚ್ಚಿಗೆ ಸುತ್ತಿಕೊಳ್ಳುತ್ತದೆ, ಯೋಯೋ ಏರುತ್ತದೆ. ನಿದ್ದೆ ಅಡಗಿದ್ದು ಅಲ್ಲಿ.

ಇಷ್ಟು ದಿನ ಏಳೂ ಯೋಯೋಗಳಿಗೆ ಅಪ್ಪ ಎತ್ತು ಕಟ್ಟುವ ಗಂಟು ಹಾಕಿದ್ದ. ನಾನೂ ನೋಡಿದ್ದೆ. ಕಟ್ಟಿಗೆ ಬದಲಿಸಿದೆ, ನೂಲು ಬದಲಿಸಿದೆ, ಗಂಟಿನ ಕಡೆ ಕಣ್ಣು ಹೋಗಲಿಲ್ಲ. ಹೇಗೆ ಹೋದೀತು? ನಾನು ಟಿಫಿನ್ ಡಬ್ಬಿಯ ಚೀಲಕ್ಕೂ ಎರಡು ಗಂಟು ಹಾಕುವವಳು. ನಮ್ಮ ಮನೆಯಲ್ಲಿ ಗಂಟು ಬಿಚ್ಚಿ ಎತ್ತು ಹೊಕ್ಕಿತೆಂದರೆ ಪಕ್ಕದ ಹೊಲದ ಜೋಳ ಹಾಳು, ಊರೆಲ್ಲ ಮಾತು. ಸಡಿಲು ಕಟ್ಟುವುದು ಸೋಮಾರಿಗಳ ಲಕ್ಷಣ ಎಂದೇ ಬೆಳೆದವರು ನಾವು.

ಅಪ್ಪ ಎದ್ದ ಮೇಲೆ ಮೊದಲು ಕ್ಷಮೆ ಕೇಳಿದೆ. ಆಮೇಲೆ ದಾರ ತೋರಿಸಿದೆ. ಅವನು ಕುಣಿಕೆಯನ್ನು ಬೆರಳಲ್ಲಿ ತಿರುವಿ ನೋಡಿ ತಲೆಯಾಡಿಸಿದ.

“ಕಟ್ಟಲಾರದ್ದು ಹೆಂಗ ನಿಂದರತೈತಿ? ಕಳಚಿ ಬೀಳತೈತಿ ಅದು.”

“ಸವದತ್ಯಾಗಿಂದ ತಂದಾಗ ಹಿಂಗ ಇತ್ತು ಯಪ್ಪಾ. ಏಳು ಎಣಸೂ ತನಕ ನಿಂತಿತ್ತಲ್ಲ?”

“ಅವಾಗ ಬೀಳಲಿಲ್ಲ. ಇನ್ನೊಮ್ಮೆ ಬೀಳಬಹುದು.”

ಅವನು ಯೋಯೋದ ಮಾತಷ್ಟೇ ಆಡುತ್ತಿಲ್ಲ ಎಂದು ನನಗೆ ತಿಳಿಯಿತು. ಒತ್ತಾಯ ಮಾಡಲಿಲ್ಲ. ಎರಡು ದಿನ ಅವನು ಯೋಯೋ ಮುಟ್ಟಲಿಲ್ಲ. ಮೂರನೆಯ ದಿನ ನಾನು ಸಾಲೆಯಿಂದ ಬಂದಾಗ ಕಟ್ಟೆಯ ಮೇಲೆ ಕೂತು, ರಾಮದುರ್ಗದ ನೂಲನ್ನು ನಡುವೆ ಮಡಚಿ ಹೊಸೆಯುತ್ತಿದ್ದ. ಜಾಲಿಯ ಯೋಯೋದಿಂದ ತನ್ನ ಗಂಟನ್ನು ಕತ್ತರಿಸಿ ತೆಗೆದು, ಕುಣಿಕೆ ತೊಡಿಸಿ, ಒಂದಿಷ್ಟು ಜಗ್ಗಿ ನೋಡಿದ. ಆಮೇಲೆ ಎದ್ದು ನಿಂತು ಎಡಗೈ ಎತ್ತಿದ.

ಜಾಲಿ ನೇರ ಇಳಿಯಿತು. ತುದಿ ಮುಟ್ಟಿ ನಿಂತಿತು. ನಿಂತಲ್ಲೇ ತಿರುಗಿತು. ಮೂರು ತಿಂಗಳ ಎಸೆತದಿಂದ ಅಪ್ಪನ ಕೈ ಎಷ್ಟು ಪಳಗಿತ್ತೆಂದರೆ ಯೋಯೋ ಒಂದಿಷ್ಟೂ ವಾಲಲಿಲ್ಲ. ನಾನು ಎಣಿಸಿದೆ. ಐದು, ಆರು, ಏಳು. ಕೈ ನಿಂತಿತ್ತು. ಎಂಟು. ಒಂಬತ್ತಕ್ಕೆ ಹೆಬ್ಬೆರಳು ಮಿಡುಕಿತು. ಹತ್ತಕ್ಕೆ ಇಡೀ ಅಂಗೈ ನಡುಗಿತು.

ನನ್ನ ಲೆಕ್ಕ ಅಲ್ಲಿಗೆ ಬಿದ್ದುಹೋಯಿತು. ನಿದ್ದೆ ಉದ್ದವಾದರೆ ಕೈಯೂ ನಿಲ್ಲುತ್ತದೆ ಎಂದು ಕಟ್ಟಿಕೊಂಡದ್ದು ತಪ್ಪು. ಕೈ ತನಗೆ ಬೇಕಾದಷ್ಟು ಹೊತ್ತು ನಿಂತು ತನ್ನ ದಾರಿ ಹಿಡಿಯುತ್ತದೆ, ಯೋಯೋಗೂ ಅದಕ್ಕೂ ಸಂಬಂಧವಿಲ್ಲ. ಡಾಕ್ಟರು ಹೇಳಿದ ಮೂರನೆಯ ಮಾತು ಈಗ ಕಿವಿಗೆ ಬಿತ್ತು. ಎಣಿಸುವುದನ್ನು ನಿಲ್ಲಿಸಿದೆ.

“ಎಣಸು,” ಎಂದ ಅಪ್ಪ.

ನೋಡಿದರೆ ಯೋಯೋ ಇನ್ನೂ ತಿರುಗುತ್ತಿತ್ತು. ನಡುಕ ದಾರದಗುಂಟ ಇಳಿಯುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು, ದಾರ ಸಣ್ಣಗೆ ಅದುರುತ್ತಿತ್ತು. ಕೆಳಗೆ ಜಾಲಿಯ ತುಂಡು ಅದನ್ನು ಲೆಕ್ಕಕ್ಕೇ ಹಿಡಿಯದೆ ತನ್ನ ಪಾಡಿಗೆ ತಾನು ನಿದ್ದೆಯಲ್ಲಿತ್ತು. ಹದಿಮೂರು, ಹದಿನಾಲ್ಕು, ಹದಿನೈದು. ಅಪ್ಪ ಎಳೆದ. ಅದು ನಡುಗುವ ಅಂಗೈಗೇ ಏರಿ ಬಂದು ಕೂತಿತು. ಅಪ್ಪ ಅದನ್ನು ಹಿಡಿದುಕೊಂಡು ಬಹಳ ಹೊತ್ತು ನೋಡಿದ. ಮತ್ತೆ ಎಸೆಯಲಿಲ್ಲ.

ರಾತ್ರಿಯ ಊಟದಲ್ಲಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಅದಕ್ಕೆ ನಾನು ಅರ್ಥ ಹಚ್ಚಲಿಲ್ಲ. ಕೈಯ ವಿಷಯದಲ್ಲಿ ಸೋತೆವು ಎಂದೇ ಮಲಗಿದೆ.

ಬೆಳಿಗ್ಗೆ ಸಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ದೇವರ ಕೋಣೆಯಿಂದ ಅಪ್ಪ ಕರೆದ. ಹಾಗೆ ಅವನು ಕರೆದದ್ದು ನನಗೆ ನೆನಪೇ ಇರಲಿಲ್ಲ. ಆ ಕೋಣೆಯಲ್ಲಿ ಕೂತ ಮೇಲೆ ಮನೆಗೆ ಬೆಂಕಿ ಬಿದ್ದರೂ ಅವನು ಮಾತಾಡುವವನಲ್ಲ. ಹೋದೆ. ಸ್ನಾನ ಆಗಿತ್ತು, ಹಣೆಗೆ ವಿಭೂತಿ ಇತ್ತು. ಕರಡಿಗೆಯ ಮುಚ್ಚಳ ತೆರೆದು ಮುಂದಿಟ್ಟುಕೊಂಡಿದ್ದ. ಎಡಗೈ ಅಂಗಾತ ಚಾಚಿತ್ತು, ಖಾಲಿ, ನಡುಗುತ್ತ.

“ಕುಂದರು ಯವ್ವಾ,” ಎಂದ. “ನನ್ನ ಕೈ ಕೆಳಗ ನಿನ್ನ ಕೈ ಹಿಡಿ.”

ನಾನು ಇನ್ನೂ ನಿಂತದ್ದನ್ನು ನೋಡಿ ಅಪ್ಪನೇ ಹೇಳಿದ.

“ಮೂರು ತಿಂಗಳಾತು, ನನ್ನ ಕೈಯಾಗಿಂದ ನೂರು ಸಲ ಬಿದ್ದದ್ದು ನೋಡೀದಿ. ಇನ್ನ ನಿನ್ನ ಮುಂದ ಎಂಥಾ ನಾಚಿಕಿ.”

ಕೈ ನಿಲ್ಲಿಸಬೇಕು ಎಂದು ನಾನು ಎಷ್ಟು ಊರು ತಿರುಗಿದೆ. ಕೈ ಕೊಡು ಎಂದು ಕೇಳಲು ಅಪ್ಪನಿಗೆ ಎರಡು ವರ್ಷ ಬೇಕಾಯಿತು. ಕೇಳದೆಯೇ ಕೊಡಬಹುದಿತ್ತು ಎಂದು ನನಗೆ ಒಂದು ದಿನವೂ ಹೊಳೆಯಲಿಲ್ಲ.

ಎದುರಿಗೆ ಕೂತು, ಎರಡೂ ಅಂಗೈ ಜೋಡಿಸಿ ಅವನ ಕೈಯ ಕೆಳಗೆ ಹಿಡಿದೆ. ಅಪ್ಪ ಲಿಂಗ ತೆಗೆದು ತನ್ನ ಅಂಗೈಯಲ್ಲಿಟ್ಟ. ಅದು ನಡುಗಿತು. ನಡುಕ ನನ್ನ ಕೈಗೂ ಬಂತು, ಮೊಣಕೈ ತನಕ ಬಂತು. ಅಪ್ಪ ಅದರ ಕಡೆ ಗಮನ ಕೊಡದೆ ಲಿಂಗ ನೋಡತೊಡಗಿದ. ನಾನು ರೂಢಿಯ ಬಲದಿಂದ ಎಣಿಸುತ್ತಿದ್ದೆ. ಇಪ್ಪತ್ತು ದಾಟಿತು, ನಲವತ್ತು ದಾಟಿತು, ಆಮೇಲೆ ಎಣಿಕೆ ತಪ್ಪಿತು. ಸಾಲೆಯ ಮೊದಲ ಗಂಟೆ ಆಗಿರಬೇಕು. ಅಪ್ಪ ಇನ್ನೂ ನೋಡುತ್ತಿದ್ದ, ನಾನು ಕೈ ತೆಗೆಯಲಿಲ್ಲ.